ಕದಲದ ಚುಕ್ಕೆ

ಗಾಜಿನ ಮೇಲೊಂದು ಚುಕ್ಕೆ ಇತ್ತು.
ನೊಣವೋ, ನಿನ್ನೆ ಬಡಿದ ಹುಳುವಿನ ಕಲೆಯೋ,
ಒರೆಸೋಣವೆಂದು ಕೈಯೆತ್ತಿದೆ.
ಅದಕ್ಕೆ ರೆಕ್ಕೆ ಇತ್ತು.

ಹಾರಲು ಬಂದವರಿಗೆ ಮೊದಲ ವಾರವೇ ಹೇಳಿಕೊಡುತ್ತಾರೆ:
ಗಾಜಿನಲ್ಲಿ ಅತ್ತಿತ್ತ ಸರಿಯುವುದು
ತನ್ನ ಪಾಡಿಗೆ ತಾನು ಹೋಗುತ್ತದೆ.
ಕದಲದೆ ಕೂತದ್ದು,
ಕೂತಲ್ಲೇ ದೊಡ್ಡದಾಗುವುದು,
ಅದು ನಿನಗಾಗಿಯೇ ಬರುತ್ತಿದೆ.
ಬರೆದುಕೊಂಡಿದ್ದೆ. ಪರೀಕ್ಷೆಯಲ್ಲಿ ಎರಡು ಅಂಕವೂ ಬಂದಿತ್ತು.

ಗೊರೂರು ಹಿನ್ನೀರಿನ ಮೇಲೆ, ಸಂಜೆ ಐದೂವರೆ,
ಸೂರ್ಯ ನೇರ ಕಣ್ಣಿಗೆ.
ಇನಾಸಪ್ಪನ ಹಳದಿ ವಿಮಾನ ನನ್ನ ತಲೆಯ ಮೇಲೆ ಹಾದಾಗ
ಅದರ ಟೈರಿಗೆ ಅಂಟಿದ್ದ ಕೆಮ್ಮಣ್ಣು ಕಂಡಿತು.
ಅಷ್ಟು ಹತ್ತಿರ.

ಇಳಿದ ಮೇಲೆ, "ಕಣ್ಣಿಲ್ಲವೇನಮ್ಮಾ?"
"ನಿನಗಿತ್ತಾ?"
ಅದೇ ಕೊನೆಯ ಮಾತು.
ಮೂರು ವರ್ಷ ಒಂದೇ ಶೆಡ್ಡಿಗೆ ಎರಡು ಬೀಗ.

ವಿದೇಶದ ಡಬ್ಬಿಯ ಬೆಲೆ ವಿಚಾರಿಸಿದ್ದೆ.
ನನ್ನ ಇಂಜಿನ್ನಿಗಿಂತ ಹೆಚ್ಚು.
ಪ್ರಾಣಕ್ಕಿಂತ ಹೆಚ್ಚೇ ಎನ್ನುವವರಿಗೆ
ಪೆಟ್ರೋಲ್ ಬಂಕಿನ ಉದ್ರಿ ಪುಸ್ತಕ ತೋರಿಸಬೇಕು.

ಧರಣೇಂದ್ರಯ್ಯನವರದು ಮಿಕ್ಸಿ ರಿಪೇರಿ,
ಹಾಸನದ ಹಳೇ ಬಸ್‌ಸ್ಟ್ಯಾಂಡಿನ ಹಿಂದೆ.
ಇಪ್ಪತ್ತು ವರ್ಷ ವಾಯುಪಡೆಯಲ್ಲಿ ಮೀಟರುಗಳ ಹೊಟ್ಟೆ ಬಿಚ್ಚಿದವರು,
ಒಮ್ಮೆಯೂ ಹಾರದವರು.
ಹೊತ್ತು ಮುಳುಗುವ ಮೊದಲೇ ಊಟ,
ಆಮೇಲೆ ಬೆಸುಗೆ.
ದೀಪಕ್ಕೆ ಬರುವ ಹುಳು ಕಾದ ಮೊನೆಗೆ ತಾಗೀತೆಂದು
ಕಿಟಕಿಗೆ ಎರಡು ಪದರ ಸೊಳ್ಳೆಪರದೆ.

"ಎಂಟು ಸಾವಿರ" ಎಂದರು.
ಟ್ಯಾಕ್ಸಿಗೆ ಹಾಕುವ ಜಿಪಿಎಸ್ಸು, ಒಂದು ರೇಡಿಯೋ ಚಿಪ್ಪು,
ಕೊಡೆಕಡ್ಡಿಯ ಆಂಟೆನಾ,
ಎಲ್ಲ ಕೂರಲು ಒಂದು ಸೋಪಿನ ಡಬ್ಬಿ.
ಸೆಕೆಂಡಿಗೊಮ್ಮೆ ಅದು ಹೇಳುತ್ತದಂತೆ:
ಇಲ್ಲಿದ್ದೇನೆ, ಇಷ್ಟೆತ್ತರ, ಈ ಕಡೆ ಮುಖ.
ಇಲ್ಲಿದ್ದೇನೆ. ಇಲ್ಲಿದ್ದೇನೆ.
"ಹದ್ದಿಗೆ ಯಾರು ಕಟ್ಟುತ್ತಾರೆ? ಅದಕ್ಕೆ ನಿನ್ನ ಕಣ್ಣೇ ಇರಲಿ."

ನೋಟು ಎಣಿಸಿಟ್ಟೆ. ಅವರು ಮುಟ್ಟಲಿಲ್ಲ.
"ಒಂದನ್ನು ಮಾರೋದಿಲ್ಲ ತಾಯಿ.
ಒಂದು ಅಂದರೆ ಬರೀ ಸೋಪಿನ ಡಬ್ಬಿ.
ಎದುರಿನವನ ಹತ್ತಿರವೂ ಇದ್ದರೇ ಇದಕ್ಕೆ ಕಿವಿ."

ಹದಿನಾರು ಸಾವಿರ. ಅದರಲ್ಲಿ ಅರ್ಧ
ನಾನು ಮಾತಾಡಿಸದವನ ಜೀವಕ್ಕೆ.
ಬಸ್ಸಿನಲ್ಲಿ ಕೂತು ಲೆಕ್ಕ ತಿದ್ದಿಕೊಂಡೆ:
ಅದೂ ನನ್ನದಕ್ಕೇ.
ಕಂತಿನಲ್ಲಿ ತೀರಿಸಿದೆ.

ಅವನ ಬೀಗದ ಪಕ್ಕ ನೇತುಹಾಕಿ ಬಂದೆ, ಚೀಟಿಯಿಲ್ಲದೆ.
ವಾರವಿಡೀ ಅಲ್ಲೇ ತೂಗುತ್ತಿತ್ತು.
ಎಂಟನೆಯ ದಿನ ಇರಲಿಲ್ಲ.
ಯಾರಾದರೂ ಕದ್ದರೋ, ಅವನೇ ಕಟ್ಟಿಕೊಂಡನೋ.

ಈ ಭಾನುವಾರ, ಸೀಗೆ ಗುಡ್ಡದ ಆಚೆ.
ಕೆಳಗೆ ಆಲೂಗಡ್ಡೆ ಕೀಳುತ್ತಿದ್ದವರು ತಲೆಯೆತ್ತಿದ್ದರು.
ಹಾಲು ಚೆಲ್ಲಿದಂಥ ಬೆಳಕು,
ಗಾಜಿನ ಮೇಲೆ ಏನೆಂದರೆ ಏನೂ ಇಲ್ಲ.
ಡಬ್ಬಿ ಕಿರುಚಿತು.
ಕೊಬ್ಬರಿ ಹೆಚ್ಚಾಗಿ ಸಿಕ್ಕಿಕೊಂಡ ಮಿಕ್ಸಿಯದೇ ದನಿ.
ಕೆಂಪು ದೀಪ: ಎದುರು, ಎದುರು.

ರಸ್ತೆಯಲ್ಲಿ ನಾವು ಎಡಕ್ಕೆ ಸರಿಯುವ ಜನ.
ಮೇಲೆ ಮುಖಾಮುಖಿಯಾದರೆ ಇಬ್ಬರೂ ಬಲಕ್ಕೆ.
ಕೈ ಎಡಕ್ಕೆಳೆಯಿತು;
ಬೈದು ಬಲಕ್ಕೆ ತಂದೆ.
ಅರ್ಧ ಮೈಲಿಯಾಚೆ ಬಿಳುಪಿನೊಳಗಿಂದ
ಹಳದಿ ರೆಕ್ಕೆಯೊಂದು ತನ್ನ ಬಲಕ್ಕೆ ವಾಲಿತು,
ಗಾಜಿನ ಮೇಲೆ ಚುಕ್ಕೆಯಾಗಿ ಒಂದು ಕ್ಷಣ ನಿಂತು
ಕದಲಿತು.
ಎಡ ಅಂಚಿನವರೆಗೂ ಸರಿಯಿತು, ಆಚೆ ಹೋಯಿತು.
ಸರಿಯುವುದನ್ನು ನೋಡುವುದು ಇಷ್ಟು ಚೆಂದವೆಂದು
ಪಾಠದಲ್ಲಿ ಇರಲಿಲ್ಲ.

ಇಳಿದು ಶೆಡ್ಡಿಗೆ ಬಂದಾಗ
ಅವನು ಬೀಗ ಹಾಕಿ ತಿರುಗಿದ್ದ.
ಮಾತಿಲ್ಲ.
ಆರಿಸಲು ಮರೆತ ನಮ್ಮ ಜೇಬಿನ ಡಬ್ಬಿಗಳು ಮಾತ್ರ
ಮೂರಡಿ ಅಂತರದಲ್ಲಿ
ಒಂದಕ್ಕೊಂದು ಅರಚಿಕೊಳ್ಳತೊಡಗಿದವು.
ಇನಾಸಪ್ಪ ಒಂದು ಹೆಜ್ಜೆ ಬಲಕ್ಕೆ ಸರಿದ.
ನಾನೂ ನನ್ನ ಬಲಕ್ಕೆ.